ತೊಳೆದ ಉಪ್ಪು

ಓಂಕಾಳಿನ ವಾಸನೆ ಬಂದರೆ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಶಾಲೆ ಮಕ್ಕಳ ಮೂತ್ರದ ಬಾಟಲಿಗಳು ನೆನಪಾಗುತ್ತವೆ. ಹೇಳಿದರೆ ಕೇಳಿದವರು ಮುಖ ಕಿವಿಚುತ್ತಾರೆ, ಆದ್ದರಿಂದ ಹೇಳುವುದನ್ನೇ ಬಿಟ್ಟಿದ್ದೆ.

ಕಳೆದ ತಿಂಗಳು ವಿಜಯವಾಡಕ್ಕೆ ಹೋಗಿದ್ದೆವು. ನಮ್ಮ ಯಜಮಾನರ ಜೊತೆ ಬ್ಯಾಂಕಿನಲ್ಲಿದ್ದವರೊಬ್ಬರ ಗೃಹಪ್ರವೇಶ. ಊಟ ಮುಗಿಸಿ ಸಂಜೆ ಪಟಮಟದ ಕಡೆ ನಡೆದೆವು, ನಾವು ಬಾಡಿಗೆಗಿದ್ದ ಮನೆ ಇನ್ನೂ ಇದೆಯೇ ನೋಡೋಣ ಅಂತ. ಮನೆ ಇರಲಿಲ್ಲ, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು. ಬೀದಿಯ ಮೂಲೆಯಲ್ಲಿ ತಳ್ಳುಗಾಡಿಯವನೊಬ್ಬ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದ. ಆ ಕಡೆ ಮೆಣಸಿನಕಾಯಿಯನ್ನು ಸೀಳಿ ಒಳಗೆ ಓಂಕಾಳು ಅರೆದು ಸವರುತ್ತಾರೆ. ವಾಮು ಅನ್ನುತ್ತಾರೆ ಅದಕ್ಕೆ. ಬಿಸಿ ಬಜ್ಜಿ ಮುರಿದ ಕೂಡಲೇ ಆ ಘಾಟು ಮೂಗಿಗೆ ಬಡಿಯಿತು, ನಾನು ಕೈ ತಡೆದೆ. ಯಜಮಾನರು ನನ್ನ ಮುಖ ನೋಡಿ ನಕ್ಕರು.

"ಏನು ಉಚ್ಚ ಮೇಡಂ, ಹಾಸ್ಟೆಲ್ ನೆನಪಾಯ್ತಾ?"

ಉಚ್ಚೆಗೆ ತೆಲುಗಿನಲ್ಲೂ ಹೆಚ್ಚು ಕಡಿಮೆ ಅದೇ ಮಾತು. ಆ ಹೆಸರನ್ನು ನನಗಿಟ್ಟವರು ಪಾಡೇರಿನ ದಾರಿಯ ಗುಡ್ಡದ ಮೇಲಿನ ಒಂದು ಹಾಸ್ಟೆಲಿನ ಹುಡುಗಿಯರು. ಆ ವರ್ಷ ಗುಡ್ಡದ ಮೇಲೆ ನನಗೆ ಅದೇ ಹೆಸರು.

ತೊಂಬತ್ತರ ದಶಕದ ಶುರುವಿನ ಮಾತು ಇದು. ಯಜಮಾನರಿಗೆ ತಿಪಟೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು. ಎಂವಿಪಿ ಕಾಲೋನಿಯಲ್ಲಿ ಮಹಡಿ ಮನೆ ಸಿಕ್ಕಿತು. ನಮ್ಮತ್ತೆಯೂ ಜೊತೆಗೆ ಬಂದರು. ಸಮುದ್ರದ ಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿಯುತ್ತಿತ್ತು, ಭರಣಿಯಲ್ಲಿಟ್ಟ ಉಪ್ಪು ಒಂದೇ ವಾರಕ್ಕೆ ನೀರು ಬಿಡುತ್ತಿತ್ತು. ನಾನು ಜೀವರಸಾಯನದಲ್ಲಿ ಎಂಎಸ್ಸಿ ಮುಗಿಸಿ ಮನೆಯಲ್ಲಿ ಕೂತವಳು. ಅಲ್ಲಿನ ಒಬ್ಬ ಪ್ರೊಫೆಸರರು ಅಯೋಡಿನ್ ಕೊರತೆಯ ಸಮೀಕ್ಷೆಗೆ ಲ್ಯಾಬಿನಲ್ಲಿ ಕೆಲಸ ಮಾಡುವವರು ಬೇಕು ಅಂತ ಹುಡುಕುತ್ತಿದ್ದರು. ತಾತ್ಕಾಲಿಕ ಕೆಲಸ, ಒಂದು ವರ್ಷಕ್ಕೆ ಮಾತ್ರ. ನಾನು ಎರಡನೇ ಮಾತಿಲ್ಲದೆ ಒಪ್ಪಿಕೊಂಡೆ.

ಮನೆಯಲ್ಲಿ ಕೆಲಸ ಏನೆಂದು ವಿವರಿಸಿದಾಗ ಯಜಮಾನರು, "ಪರವಾಗಿಲ್ಲ ಬಿಡು, ನಾನೂ ಡಿಪಾಸಿಟ್ ತಗೊಳ್ತೀನಿ, ನೀನೂ ಡಿಪಾಸಿಟ್ ತಗೊಳ್ತೀಯ" ಅಂದರು. ಅತ್ತೆ ಮಾತ್ರ, "ಮಾಡೋದಾದ್ರೆ ಮಾಡು, ಬಂದ ತಕ್ಷಣ ತಲೆ ಮೇಲೆ ನೀರು ಹುಯ್ಕೊಂಡೇ ಅಡುಗೆಮನೆಗೆ ಬರಬೇಕು" ಅಂತ ಷರತ್ತು ಹಾಕಿದರು. ಅದರ ಲಾಭವೆಂದರೆ, ಆ ವರ್ಷವೆಲ್ಲ ನಾನು ಅಡುಗೆಮನೆಯ ಕಡೆ ಹೆಚ್ಚು ಹೋಗಬೇಕಾಗಲಿಲ್ಲ.

ಕೆಲಸ ಕೇಳಲು ವಿಚಿತ್ರ, ಮಾಡಲು ಸರಳ. ಗುಡ್ಡಗಾಡಿನ ಮಣ್ಣಿನಲ್ಲಿ ಅಯೋಡಿನ್ ಕಡಿಮೆ. ಮಳೆ ಅದನ್ನು ತೊಳೆದು ಕೆಳಗೆ ಒಯ್ದುಬಿಡುತ್ತದೆ. ಅಲ್ಲಿ ಬೆಳೆದದ್ದನ್ನೇ ತಿನ್ನುವವರಿಗೆ ಕುತ್ತಿಗೆಯಲ್ಲಿ ಗಳಗಂಡ ಬರುತ್ತದೆ, ಮಕ್ಕಳ ಕಲಿಕೆ ಕುಂಟುತ್ತದೆ. ಅದಕ್ಕೆಂದೇ ಸರ್ಕಾರ ಅಯೋಡಿನ್ ಸೇರಿಸಿದ ಉಪ್ಪನ್ನು ಮೇಲಕ್ಕೆ ಕಳಿಸುತ್ತಿತ್ತು. ಕಳಿಸಿದ್ದು ಮಕ್ಕಳ ಹೊಟ್ಟೆಗೆ ಸೇರಿತೋ ಇಲ್ಲವೋ ತಿಳಿಯಲು ಮೂತ್ರ ನೋಡಬೇಕು, ಏಕೆಂದರೆ ತಿಂದ ಅಯೋಡಿನ್‌ನಲ್ಲಿ ಬಹುಪಾಲು ಆ ದಾರಿಯಲ್ಲೇ ಹೊರಗೆ ಬರುತ್ತದೆ. ಏನು ತಿಂದೆ ಅಂತ ಕೇಳಿದರೆ ಜನ ನಮಗೆ ಹಿತವಾಗುವ ಉತ್ತರ ಕೊಡುತ್ತಾರೆ. ಮೂತ್ರಕ್ಕೆ ಆ ದಾಕ್ಷಿಣ್ಯ ಇಲ್ಲ.

ಆದರೆ ಅದಕ್ಕೂ ಒಂದು ಮಿತಿ ಇತ್ತು. ಒಂದು ಮಗುವಿನ ಒಂದು ಬಾಟಲಿ ಇಟ್ಟುಕೊಂಡು ಏನೂ ಹೇಳಲು ಬರುವುದಿಲ್ಲ. ನಿನ್ನೆ ಏನು ತಿಂದಿತು, ಎಷ್ಟು ನೀರು ಕುಡಿಯಿತು ಅನ್ನುವುದರ ಮೇಲೆ ಅಂಕಿ ಏರುತ್ತದೆ, ಇಳಿಯುತ್ತದೆ. ಒಂದು ಶಾಲೆಯ ಮಕ್ಕಳದನ್ನೆಲ್ಲ ಸಾಲಾಗಿ ಜೋಡಿಸಿ ನಡುವೆ ನಿಂತ ಅಂಕಿಯನ್ನು ನೋಡಬೇಕು. ಪ್ರೊಫೆಸರರು ಮೊದಲ ದಿನವೇ ಹೇಳಿದ್ದರು, "ಒಂದು ಬಾಟಲಿ ಮಾತಾಡಲ್ಲಮ್ಮಾ, ಪೆಟ್ಟಿಗೆ ಮಾತಾಡುತ್ತೆ."

ಲ್ಯಾಬಿನಲ್ಲಿ ಮೂತ್ರವನ್ನು ಆಸಿಡ್ ಹಾಕಿ ಕಾಯಿಸಿ, ಕೊನೆಗೆ ಒಂದು ಹಳದಿ ದ್ರಾವಣ ಬೆರೆಸುತ್ತಿದ್ದೆವು. ಅಯೋಡಿನ್ ಇದ್ದಷ್ಟೂ ಹಳದಿ ಬೇಗ ಮಾಸುತ್ತದೆ. ಇಲ್ಲದಿದ್ದರೆ ಅರಿಸಿನ ಹಾಕಿದ ಹಾಗೆ ಉಳಿದುಬಿಡುತ್ತದೆ. ನನ್ನ ಜೊತೆ ಭಾನು ಅಂತ ಒಬ್ಬಳು ಹುಡುಗಿ ಇದ್ದಳು, ಶ್ರೀಕಾಕುಳದ ಕಡೆಯವಳು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಒಂದು ದಿನ ಬೆರಳು ಕೊಯ್ದುಕೊಂಡು ಟಿಂಚರ್ ಹಚ್ಚಿಕೊಂಡು ಬಂದಳು. ಟಿಂಚರಿನಲ್ಲಿರುವುದೇ ಅಯೋಡಿನ್. ಅವತ್ತು ಮುಟ್ಟಿದ ಕೊಳವೆಗಳಲ್ಲೆಲ್ಲ ಹಳದಿ ಮಾಯ. ಕಾಗದದ ಮೇಲೆ ಆ ದಿನ ಗುಡ್ಡದ ಮಕ್ಕಳೆಲ್ಲ ಪರಮ ಪುಷ್ಟರಾಗಿದ್ದರು. ಆಮೇಲೆ ಲ್ಯಾಬಿನ ಬಾಗಿಲಿನ ಒಳಗೆ ಟಿಂಚರ್ ಅನ್ನುವ ಶಬ್ದವನ್ನೂ ತರಕೂಡದು ಅಂತ ಪ್ರೊಫೆಸರರು ಕಟ್ಟಪ್ಪಣೆ ಮಾಡಿದರು.

ಬಾಟಲಿಗಳು ಕೆಡದ ಹಾಗೆ ಒಂದೊಂದಕ್ಕೂ ಥೈಮಾಲ್ ಹರಳು ಹಾಕುತ್ತಿದ್ದೆವು. ಥೈಮಾಲ್ ಅಂದರೆ ಓಂಕಾಳಿಗೆ ಆ ಘಾಟು ಕೊಡುವ ವಸ್ತುವೇ. ಗುಡ್ಡ ಇಳಿದು ಬರುವಾಗ ಜೀಪಿನ ಡ್ರೈವರ್ ಅನಕಾಪಲ್ಲಿಯಲ್ಲಿ ನಿಲ್ಲಿಸಿ ಮನೆಗೆ ಬೆಲ್ಲ ಕೊಳ್ಳುತ್ತಿದ್ದ, ಅಚ್ಚನ್ನು ತಂದು ನಮ್ಮ ಪೆಟ್ಟಿಗೆಯ ಪಕ್ಕದಲ್ಲೇ ಇಡುತ್ತಿದ್ದ. ಬೆಲ್ಲ, ಓಂಕಾಳು, ಮತ್ತೊಂದು, ಮೂರೂ ಸೇರಿದ ಆ ವಾಸನೆಯಲ್ಲಿ ವಿಶಾಖಪಟ್ಟಣದ ತನಕ ಕೂತಿರಬೇಕು. ಮೊದಲ ಸಲ ವಾಂತಿ ಬಂತು, ಆಮೇಲೆ ಅದರಲ್ಲೇ ನಿದ್ದೆಯೂ ಬಂತು.

ಆ ಹಾಸ್ಟೆಲಿಗೆ ಮೊದಲು ಹೋದದ್ದು ಮಳೆ ಹಿಡಿದ ಮೇಲೆ. ಗುಡ್ಡದ ರಸ್ತೆಯಲ್ಲಿ ಕೆಂಪು ನೀರು ಹರಿಯುತ್ತಿತ್ತು, ಜೀಪು ಎರಡು ಕಡೆ ಹೂತುಕೊಂಡಿತು. ವಾರ್ಡನ್ ಸತ್ಯವತಿಯವರು ಬಾಗಿಲಲ್ಲೇ ನಮ್ಮನ್ನು ತಡೆದು ಕಾಲು ತೊಳೆಯಲು ನೀರು ಕೊಟ್ಟರು. ಐವತ್ತು ದಾಟಿದ ಹೆಂಗಸು. ಗಂಜಿ ಹಾಕಿದ ಹತ್ತಿ ಸೀರೆ, ಸೊಂಟದಲ್ಲಿ ಬೀಗದ ಕೈಗೊಂಚಲು. ಗಂಡ ತೀರಿಕೊಂಡ ಮೇಲೆ ಹಾಸ್ಟೆಲನ್ನೇ ಮನೆ ಮಾಡಿಕೊಂಡವರು. ನಿವೃತ್ತಿ ಹತ್ತಿರದಲ್ಲಿತ್ತು. ಹುಡುಗಿಯರು ಅವರನ್ನು ಅಮ್ಮಗಾರು ಅನ್ನುತ್ತಿದ್ದರು. ಅವರು ಬೇರೆ ಅಡುಗೆ ಮಾಡಿಸಿಕೊಳ್ಳುತ್ತಿರಲಿಲ್ಲ, ಪಂಕ್ತಿಯ ತುದಿಯಲ್ಲಿ ಒಂದು ತಟ್ಟೆ ಹಾಕಿಸಿಕೊಂಡು ಹುಡುಗಿಯರ ಜೊತೆಗೇ ಉಣ್ಣುತ್ತಿದ್ದರು.

ಅಂಥ ಚೊಕ್ಕಟವಾದ ಹಾಸ್ಟೆಲನ್ನು ನಾನು ಬೇರೆಲ್ಲೂ ನೋಡಲಿಲ್ಲ. ಪಾತ್ರೆಗಳಲ್ಲಿ ಮುಖ ಕಾಣುತ್ತಿತ್ತು. ಊಟಕ್ಕೆ ಮೊದಲು ಹುಡುಗಿಯರು ಉಗುರು ತೋರಿಸಬೇಕು. ಅವರು ಬರುವ ಮುಂಚೆ ಅಲ್ಲಿನ ಸಾರಿನಲ್ಲಿ ಮರಳು ಸಿಗುತ್ತಿತ್ತಂತೆ, ಊಟ ಬಿಟ್ಟು ಮಕ್ಕಳು ಊರಿಗೆ ಓಡಿಹೋಗುತ್ತಿದ್ದರಂತೆ. "ಈಗ ಒಂದು ಕಲ್ಲು ಹುಡುಕಿ ತೋರಿಸಿ ನೋಡೋಣ" ಅಂತ ನಮಗೇ ಸವಾಲು ಹಾಕಿದರು. ಹುಡುಕಿದೆವು, ಸಿಗಲಿಲ್ಲ.

ಬಾಟಲಿ ಹಂಚಿದಾಗ ನಗು ತಡೆಯಲಾರದೆ ಹುಡುಗಿಯರು ಒಬ್ಬರ ಬೆನ್ನಿಗೆ ಒಬ್ಬರು ಮುಖ ಹುದುಗಿಸಿದರು. ನನ್ನ ನಾಮಕರಣ ಆದದ್ದು ಆಗಲೇ. ಒಬ್ಬಳು ಕೊಟ್ಟ ಬಾಟಲಿ ಹಿಡಿದರೆ ತಣ್ಣಗೆ ಕೊರೆಯುತ್ತಿತ್ತು. ಉಚ್ಚೆ ಬರಲಿಲ್ಲವೆಂದು ಹಂಡೆಯ ನೀರು ತುಂಬಿ ತಂದಿದ್ದಳು. ಸತ್ಯವತಿಯವರು ಬೈಯಲಿಲ್ಲ. ಅವಳಿಗೆ ಒಂದು ಚೊಂಬು ಮಜ್ಜಿಗೆ ಕುಡಿಸಿ ಬಿಸಿಲು ಬಿದ್ದ ಮೆಟ್ಟಿಲ ಮೇಲೆ ಕೂರಿಸಿದರು. ಅವಳ ಬಾಟಲಿಗಾಗಿ ಎಲ್ಲರೂ ಕಾದೆವು. ಆ ಹುಡುಗಿಯ ಕುತ್ತಿಗೆಯಲ್ಲಿ ಸಣ್ಣ ನಿಂಬೆಯಷ್ಟು ಊತ ಇತ್ತು. ಅವಳೊಬ್ಬಳಿಗೇ ಅಲ್ಲ.

ಉಗ್ರಾಣದ ಉಪ್ಪನ್ನೂ ನೋಡಿದೆವು. ಗೋಣಿಚೀಲದಲ್ಲಿ ಕಲ್ಲುಪ್ಪು. ಅದರ ಮೇಲೆ ಪರೀಕ್ಷೆಯ ದ್ರಾವಣ ಒಂದು ತೊಟ್ಟು ಹಾಕಿದರೆ, ಅಯೋಡಿನ್ ಇದ್ದಲ್ಲಿ ನೀಲಿಯಾಗುತ್ತದೆ. ಚೆನ್ನಾಗಿ ನೀಲಿಯಾಯಿತು. ಊತ ಹಳೆಯದಿರಬೇಕು, ಈ ಹಾಸ್ಟೆಲಿನ ಬಗ್ಗೆ ಇನ್ನು ಚಿಂತೆ ಇಲ್ಲ ಅಂದುಕೊಂಡು ಗುಡ್ಡ ಇಳಿದೆವು.

ಲ್ಯಾಬಿನಲ್ಲಿ ಹಳದಿ ಮಾಸಲೇ ಇಲ್ಲ. ಮತ್ತೆ ಮಾಡಿದೆವು, ಹಾಗೆಯೇ ಉಳಿಯಿತು. ಅಯೋಡಿನ್ ಉಪ್ಪನ್ನೇ ಕಾಣದ ಗುಡ್ಡದ ಹಳ್ಳಿಗಳ ಮಕ್ಕಳಿಗೂ ಈ ಹುಡುಗಿಯರಿಗೂ ವ್ಯತ್ಯಾಸವೇ ಇರಲಿಲ್ಲ. ಪ್ರೊಫೆಸರರು ಇದ್ದದ್ದನ್ನು ಇದ್ದ ಹಾಗೆ ಇಲಾಖೆಗೆ ತಿಳಿಸಿದರು. ಅಲ್ಲಿಂದ ಒಬ್ಬ ಅಧಿಕಾರಿ ಲ್ಯಾಬಿಗೇ ಬಂದರು. ದಪ್ಪ ಚೌಕಟ್ಟಿನ ಕನ್ನಡಕ, ಮೃದು ಮಾತು. ಉಗ್ರಾಣದಲ್ಲಿ ಒಳ್ಳೆಯ ಉಪ್ಪು, ಮಕ್ಕಳ ಮೈಯಲ್ಲಿ ಅದರ ಸುಳಿವಿಲ್ಲ. ಅವರ ಲೆಕ್ಕದಲ್ಲಿ ಇದಕ್ಕೆ ಒಂದೇ ಅರ್ಥ. ಒಂದು ಚೀಲ ತೋರಿಕೆಗೆ ಇಟ್ಟುಕೊಂಡು ಉಳಿದದ್ದನ್ನು ಸಂತೆಗೆ ಕಳಿಸಿ, ಮಕ್ಕಳಿಗೆ ಅಗ್ಗದ ಉಪ್ಪು ಹಾಕಿ ಬೇಯಿಸುತ್ತಿದ್ದಾರೆ.

"ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ ಸಾರ್" ಅಂದರು ಅವರು. ಸತ್ಯವತಿಯವರಿಗೆ ನೋಟಿಸು ಹೋಯಿತು. ಅಮಾನತಿನ ಆದೇಶ ತಯಾರಾಗುತ್ತಿದೆ ಅಂತಲೂ ತಿಳಿಯಿತು. ಅಷ್ಟು ವರ್ಷ ದುಡಿದವರು ಕಳ್ಳಿ ಅನ್ನಿಸಿಕೊಂಡು ಗುಡ್ಡ ಇಳಿಯಬೇಕಾಗುತ್ತಿತ್ತು, ನಾವು ಅಳೆದ ಮೂತ್ರದ ಸಾಕ್ಷಿಯ ಮೇಲೆ.

ನನಗೆ ಊಟ ರುಚಿಸದಾಯಿತು. ಅಳತೆಯಲ್ಲಿ ತಪ್ಪಿರಲಿಲ್ಲ. ಹಾಗಂತ ಆ ಹೆಂಗಸು ಪಂಕ್ತಿಯ ತುದಿಯಲ್ಲಿ ಕೂತು ಉಣ್ಣುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಒಳ್ಳೆಯ ಉಪ್ಪನ್ನು ಕದ್ದು ಮಾರಿದವರು ಅಗ್ಗದ ಉಪ್ಪಿನ ಅಡುಗೆಯನ್ನು ತಾವೂ ಉಣ್ಣುತ್ತಾರೆಯೇ? "ಉಣ್ಣಬಹುದು, ಉಪ್ಪು ಉಪ್ಪೇ ತಾನೆ, ನಾಲಿಗೆಗೆ ವ್ಯತ್ಯಾಸ ಗೊತ್ತಾಗುತ್ತಾ?" ಅಂದಳು ಭಾನು.

ಉತ್ತರ ಸಿಕ್ಕಿದ್ದು ನಮ್ಮ ಮನೆಯ ಅಡುಗೆಮನೆಯಲ್ಲಿ. ಒಂದು ಭಾನುವಾರ ಹೊರಗೆ ಧೋ ಎಂದು ಮಳೆ. ಅತ್ತೆ ರೇಷನ್ನಿನ ಕಲ್ಲುಪ್ಪನ್ನು ಬೋಗುಣಿಗೆ ಸುರಿದುಕೊಂಡು, ನೀರು ಹಾಕಿ, ಕೈಯಾಡಿಸಿ, ಕಂದು ನೀರನ್ನು ಬಸಿದು ಚೆಲ್ಲಿದರು. ಮತ್ತೊಮ್ಮೆ ನೀರು, ಮತ್ತೊಮ್ಮೆ ಬಸಿದದ್ದು. ತೊಳೆದ ಉಪ್ಪನ್ನು ಬಟ್ಟೆಯ ಮೇಲೆ ಹರವಿದರು. ಚಿಕ್ಕಂದಿನಿಂದ ನಾನು ಅದನ್ನು ನೋಡುತ್ತಲೇ ಬಂದವಳು. ನಮ್ಮ ತಾಯಿಯೂ ಹಾಗೇ ಮಾಡುತ್ತಿದ್ದರು. ಅಕ್ಕಿ ತೊಳೆಯುವುದನ್ನು ಯಾರಾದರೂ ನಿಂತು ನೋಡುತ್ತಾರೆಯೇ, ಇದೂ ಹಾಗೆಯೇ.

"ಅತ್ತೆ, ಉಪ್ಪನ್ನ ಯಾವಾಗ್ಲೂ ತೊಳೀತೀರಾ?"

"ತೊಳೀದೆ ಹಾಕ್ತಾರೇನೇ? ಗೋಣಿಚೀಲದ ನಾರು, ಮಣ್ಣು, ಕಂಡೋರ ಕಾಲು ಧೂಳು, ಎಲ್ಲ ಸಾರಿಗೆ ಹೋಗ್ಲಾ? ಎಂಎಸ್ಸಿ ಓದಿದೀಯಂತೆ."

ನನ್ನ ಕೆಲಸದ ಚೀಲದಲ್ಲಿ ಉಪ್ಪು ಪರೀಕ್ಷೆಯ ದ್ರಾವಣ ಇತ್ತು. ಎದ್ದು ಹೋಗಿ ತಂದೆ. ತೊಳೆಯದ ಉಪ್ಪಿಗೆ ಒಂದು ತೊಟ್ಟು, ನೀಲಿ. ತೊಳೆದದ್ದಕ್ಕೆ ಒಂದು ತೊಟ್ಟು, ಬಿಳಿಯೇ ಉಳಿಯಿತು. ಇನ್ನೊಂದು ಹರಳಿಗೆ ಹಾಕಿದೆ, ಅದೂ ಬಿಳಿ. ಕಲ್ಲುಪ್ಪಿಗೆ ಅಯೋಡಿನ್ನನ್ನು ಮೇಲಿನಿಂದ ಸಿಂಪಡಿಸುತ್ತಾರೆ. ಅದು ಹರಳಿನ ಮೈಮೇಲೆ ಮಾತ್ರ ಕೂತಿರುತ್ತದೆ. ಮಣ್ಣಿನ ಜೊತೆ ಅದೂ ನೀರಿಗೆ ಇಳಿದು ಹೋಗುತ್ತದೆ. ಪುಸ್ತಕದಲ್ಲಿ ಓದಿ ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಪುಸ್ತಕದ ಉಪ್ಪನ್ನು ಯಾರೂ ತೊಳೆದಿರಲಿಲ್ಲ.

"ನಿನ್ನ ಉಚ್ಚೆ ಮದ್ದನ್ನೆಲ್ಲ ನನ್ನ ಉಪ್ಪಿಗೆ ಹಾಕ್ಬಿಟ್ಯಲ್ಲೇ!" ಅಂತ ಅತ್ತೆ ಕಿರುಚಿದರು. ನಾನು ಅವರನ್ನು ತಬ್ಬಿಕೊಂಡೆ. ತಲೆಗೆ ನೀರು ಹುಯ್ದುಕೊಳ್ಳದೆ ಅದೇ ಕೈಯಲ್ಲಿ ಮುಟ್ಟಿದ್ದಕ್ಕೆ ಅವರು ಇನ್ನಷ್ಟು ಕಿರುಚಿದರು.

ಮರುದಿನ ಪ್ರೊಫೆಸರರಿಗೆ ಹೇಳಿದೆ. ಅವರು ಅಧಿಕಾರಿಯನ್ನು ಒಪ್ಪಿಸಿ, ಆದೇಶ ಹೊರಡುವ ಮೊದಲು ಒಂದು ಸಲ ಹಾಸ್ಟೆಲಿಗೆ ಬನ್ನಿ ಅಂದರು. ಅದೇ ವಾರ ಎಲ್ಲರೂ ಒಂದೇ ಜೀಪಿನಲ್ಲಿ ಹೊರಟೆವು. ಸತ್ಯವತಿಯವರು ಈ ಸಲವೂ ಕಾಲಿಗೆ ನೀರು ಕೊಟ್ಟರು. ಸೀರೆಗೆ ಗಂಜಿ ಹಾಗೆಯೇ ಇತ್ತು, ಮುಖ ಮಾತ್ರ ಇಳಿದುಹೋಗಿತ್ತು.

ಅಡುಗೆಮನೆಗೆ ಹೋಗಿ, "ಇವತ್ತು ಸಾರಿಗೆ ಉಪ್ಪು ಹೇಗೆ ಹಾಕುತ್ತೀರೋ ಹಾಗೇ ಹಾಕಿ, ನಾವು ನೋಡುತ್ತೇವೆ" ಅಂದೆ. ಅಡುಗೆಯ ಹೆಂಗಸು ಚೀಲದಿಂದ ಉಪ್ಪು ಮೊಗೆದು ದೊಡ್ಡ ಜಾಲರಿಗೆ ಸುರಿದಳು. ನಲ್ಲಿಯ ಕೆಳಗೆ ಹಿಡಿದು ಉಜ್ಜಿ ಉಜ್ಜಿ ತೊಳೆದಳು. ಅಧಿಕಾರಿಯ ಎದುರಿಗೆ ನಾನು ಮೂರು ಕಡೆ ತೊಟ್ಟು ಹಾಕಿದೆ. ಚೀಲದ ಉಪ್ಪು ಕಡು ನೀಲಿ. ಜಾಲರಿಯ ಉಪ್ಪು ಬಿಳಿ. ಜಾಲರಿಯ ಕೆಳಗಿಟ್ಟ ಬೋಗುಣಿಯ ನೀರು ಮೆಲ್ಲಗೆ ನೀಲಿಗೆ ತಿರುಗಿತು.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ತೊಳೆಯಲು ಹೇಳಿದ್ದು ಯಾರು?" ಅಂತ ಕೇಳಿದರು.

"ನಾನೇ" ಅಂದರು ಸತ್ಯವತಿ. "ಮರಳು ಇರುತ್ತದೆ ಅಂತ."

ಪ್ರೊಫೆಸರರು ಅವರಿಗೆ ನಿಧಾನವಾಗಿ ವಿವರಿಸಿದರು. ನಿಮ್ಮ ಮೇಲಿನ ಆರೋಪ ಸುಳ್ಳು, ನಿಮ್ಮಿಂದ ಕಳ್ಳತನ ಆಗಿಲ್ಲ, ಕಳೆದುಹೋದ ಅಯೋಡಿನ್ ಈ ನೀರಿನಲ್ಲಿದೆ ಅಂದರು. ಅಧಿಕಾರಿಯೂ ತಲೆಯಾಡಿಸಿ, ಆದೇಶ ಬರುವುದಿಲ್ಲ, ಚಿಂತೆ ಬೇಡ ಅಂದರು. ಸತ್ಯವತಿಯವರ ಮುಖ ಈಗ ಅರಳುತ್ತದೆ ಅಂತ ನಾನು ಕಾದೆ. ಅವರು ಒರಳುಕಲ್ಲಿನ ಮೇಲೆ ಕೂತುಬಿಟ್ಟರು. ಆ ಬೋಗುಣಿಯನ್ನೇ ನೋಡುತ್ತಾ ತೆಲುಗಿನಲ್ಲಿ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಕದ್ದು ಮಾರಿದ್ದರೆ ಯಾರ ಮಕ್ಕಳಾದರೂ ತಿನ್ನುತ್ತಿದ್ದರಮ್ಮಾ. ನಾನು ಮೋರಿಗೆ ಚೆಲ್ಲಿದೆ."

ಅಡುಗೆಯವಳು ಜಾಲರಿಯನ್ನು ಎಲ್ಲಿ ಇಡಬೇಕು ತಿಳಿಯದೆ ಹಿಡಿದುಕೊಂಡೇ ನಿಂತಿದ್ದಳು. ನನಗೆ ಅಳು ಬಂತು. ಅವರ ಪಕ್ಕ ಕೂತು, "ನಮ್ಮತ್ತೆಯೂ ತೊಳೀತಾರೆ, ನಮ್ಮಮ್ಮನೂ ತೊಳೀತಿದ್ರು, ಚೊಕ್ಕಟವಾಗಿರೋರೆಲ್ಲ ತೊಳೀತಾರೆ" ಅಂತ ನನ್ನ ಹರುಕು ತೆಲುಗಿನಲ್ಲಿ ಹೇಳಿದೆ. ಅವರು ನನ್ನ ಕೈ ತಟ್ಟಿದರು, ಸಮಾಧಾನ ಬೇಕಾದವಳು ನಾನೇ ಅನ್ನುವ ಹಾಗೆ.

ಆಮೇಲೆ ಎದ್ದರು. ಉಪ್ಪನ್ನು ತೊಳೆಯದೆ ಮೊರದಲ್ಲಿ ಆರಿಸಿ ಕಲ್ಲು ತೆಗೆಯುವುದು ಅಂತ ಅಲ್ಲೇ ಗೊತ್ತುಮಾಡಿದರು. ಆರಿಸಲು ತಾವೇ ಕೂರುತ್ತೇನೆ ಅಂದರು.

ಆ ವರ್ಷ ಕಾರ್ತಿಕದಲ್ಲಿ ವಿಶಾಖಪಟ್ಟಣಕ್ಕೆ ದೊಡ್ಡ ಗಾಳಿಮಳೆ ಬಂತು, ಕಾಲೋನಿಯ ಮರಗಳು ಉರುಳಿದವು, ಕರೆಂಟಿಲ್ಲದೆ ಲ್ಯಾಬು ಮುಚ್ಚಿತ್ತು. ಅದೇ ಹೊತ್ತಿಗೆ ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾದ ಸುದ್ದಿಯೂ ಬಂತು. ಹಾಸ್ಟೆಲಿನಿಂದ ಎರಡನೇ ಸಲ ಬಾಟಲಿ ತರುವುದು ಬಾಕಿ ಇತ್ತು. ಅದೊಂದು ಮುಗಿಸಿಯೇ ಬರುತ್ತೇನೆ ಅಂದೆ. "ನಿನ್ನ ಡಿಪಾಸಿಟ್ ಮೆಚ್ಯೂರ್ ಆಗ್ಲಿ ಬಿಡು" ಅಂತ ಯಜಮಾನರು ಸಾಮಾನಿನ ಲಾರಿಯ ಜೊತೆ ಮುಂದೆ ಹೋದರು. ಮಾರ್ಗಶಿರದ ಚಳಿಯಲ್ಲಿ ನಾನೂ ಭಾನುವೂ ಗುಡ್ಡ ಹತ್ತಿದೆವು. ಎದುರಿಗೆ ಬರುವ ಲಾರಿ ಕಾಣದಷ್ಟು ಮಂಜು.

ಈ ಸಲ ಹುಡುಗಿಯರು ನಾಚಲಿಲ್ಲ. "ಉಚ್ಚ ಮೇಡಂ ಬಂದರು" ಅಂತ ಕೂಗಿಕೊಂಡು ತಾವೇ ಸಾಲು ನಿಂತರು. ತಣ್ಣನೆಯ ಬಾಟಲಿಯ ಹುಡುಗಿ ಎಲ್ಲರಿಗಿಂತ ಮೊದಲು ತಂದುಕೊಟ್ಟು, ಬೆಚ್ಚಗಿದೆ ಮುಟ್ಟಿ ನೋಡಿ ಅಂದಳು. ಪೆಟ್ಟಿಗೆ ತುಂಬಿತು, ಭಾನು ಉಗ್ರಾಣದ ಉಪ್ಪು ನೋಡಲು ಹೋದಳು. ಮುಚ್ಚಳ ಹಾಕಬೇಕು ಅನ್ನುವಾಗ ನೋಡಿದರೆ, ಸಾಲಿನ ಕೊನೆಯಲ್ಲಿ ಸತ್ಯವತಿಯವರು ನಿಂತಿದ್ದಾರೆ. ಸೆರಗಿನ ಮರೆಯಲ್ಲಿ ಒಂದು ಬಾಟಲಿ.

ನಾನು ತಬ್ಬಿಬ್ಬಾದೆ. ನಮ್ಮ ಸಮೀಕ್ಷೆ ಮಕ್ಕಳದು, ದೊಡ್ಡವರದನ್ನು ಸೇರಿಸುವ ಹಾಗಿಲ್ಲ. ಅದೂ ಅಲ್ಲದೆ ಒಬ್ಬರ ಒಂದು ಬಾಟಲಿಯಿಂದ ಏನೂ ತಿಳಿಯುವುದಿಲ್ಲ ಅಂತ ಹೇಳಿದೆ. "ನಿಮ್ಮ ಮೈಯಲ್ಲಿ ಎಷ್ಟಿದೆ ಅಂತ ನಾನು ಹೇಳೋಕಾಗಲ್ಲ ಅಮ್ಮಾ."

"ನನ್ನದು ಅಂತ ಏನೂ ಹೇಳಬೇಡಿ" ಅಂದರು ಅವರು. "ಅವರದರ ಜೊತೆ ಸೇರಿಸಿ, ಸಾಕು."

ಬಾಟಲಿ ತೆಗೆದುಕೊಂಡೆ, ಬೆಚ್ಚಗಿತ್ತು. ಅದಕ್ಕೆ ಅಂಕಿಯ ಚೀಟಿ ಅಂಟಿಸಲಿಲ್ಲ. ಥೈಮಾಲ್ ಹರಳು ಹಾಕಿ ಹುಡುಗಿಯರ ಬಾಟಲಿಗಳ ನಡುವೆ ಇಟ್ಟು ಮುಚ್ಚಳ ಬಿಗಿದೆ. ಅನಕಾಪಲ್ಲಿಯಲ್ಲಿ ಡ್ರೈವರ್ ಎಂದಿನಂತೆ ಬೆಲ್ಲ ತಂದಿಟ್ಟ. ಆ ವಾರವೇ ನಾನು ವಿಜಯವಾಡದ ರೈಲು ಹತ್ತಿದೆ.

ಪಟಮಟದಲ್ಲಿ ಫೋನು ಇದ್ದದ್ದು ಕೆಳಗಿನ ಮನೆಯವರಲ್ಲಿ. ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ಅವರು ಮೆಟ್ಟಿಲ ಬುಡದಿಂದ ಕೂಗಿದರು. ಇಳಿದು ಹೋದೆ. ವಿಶಾಖಪಟ್ಟಣದಿಂದ ಭಾನು.

"ಅಕ್ಕಾ, ಹಾಸ್ಟೆಲ್ ಹುಡುಗೀರದ್ದು ಮುಗೀತು. ನಡುವಿನ ಅಂಕಿ ಚೆನ್ನಾಗಿ ಮೇಲೆ ಬಂದಿದೆ. ಸಾರ್ ಖುಷಿಯಾಗಿದ್ದಾರೆ. ಆದರೆ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಹೆಚ್ಚಿದೆ, ಚೀಟಿ ಇಲ್ಲ. ಚೆಲ್ಲಿಬಿಡಲಾ?"

"ಬೇಡ" ಅಂದೆ. ಅಷ್ಟು ಜೋರಾಗಿ ಅಂದೆನೋ ಏನೋ, ಕೆಳಗಿನ ಮನೆಯವರು ಅಡುಗೆಮನೆಯಿಂದ ಇಣುಕಿದರು. "ಚೆಲ್ಲಬೇಡ ಭಾನು. ಅದೂ ಆ ಹಾಸ್ಟೆಲಿಂದೇ. ಅವರದರ ಜೊತೆಗೇ ಅಳೆದು ನೋಡು."

"ಅಳೆದುಬಿಟ್ಟಿದ್ದೀನಿ ಅಕ್ಕಾ, ಸುಮ್ಮನೆ ಕೇಳಿದೆ" ಅಂದಳು ಅವಳು. "ಅದರಲ್ಲೂ ಹಳದಿ ಉಳಿಯಲೇ ಇಲ್ಲ."